ಮುಧೋಳ ಕುನ್ನಿ ಮಾತು ಕೇಳ್ತಿಲ್ಲ, ಮಾವನವರು ಎರಡು ಬಾರಿಸು ಅಂತಾರೆ. ಏನು ಮಾಡಲಿ?

ನವನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗಲಕೋಟೆ ನವನಗರ. ಲೋಕಾಪುರದ ಕಡೆ ಸಂಬಂಧಿಕರ ತೋಟದಿಂದ ಮುಧೋಳ ತಳಿಯ ಹೆಣ್ಣು ಕುನ್ನಿ ತಂದಿದ್ದೇವೆ. ಈಗ ನಾಲ್ಕು ತಿಂಗಳು ತುಂಬಿದೆ. ಮಗಳು ಚಂದ್ರಿ ಅಂತ ಹೆಸರಿಟ್ಟಿದ್ದಾಳೆ. ನೋಡೋಕೆ ಸಣಕಲು, ಆದರೆ ಕಾಲು ಒಂದು ಕಡೆ ನಿಲ್ಲಲ್ಲ.

ಹೊರಗೆ ಕರೆದುಕೊಂಡು ಹೋದರೆ ಸುಮ್ನೆ ಮೂಸುತ್ತಾ ನಿಲ್ಲುತ್ತಾಳೆ. ಒಳಗೆ ಬಂದ ತಕ್ಷಣ ಪಡಸಾಲೆಯಲ್ಲಿ ಉಚ್ಚೆ. ಮಗಳ ಲಂಗ, ನನ್ನ ಸೆರಗು, ಯಾರದೇ ಕೈ, ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತಾಳೆ. ಎಲ್ಲಕ್ಕಿಂತ ಜಾಸ್ತಿ ಭಯ ಗೇಟಿನದು. ಸಂಜೆ ಆಡಿನ ಹಿಂಡು ನಮ್ಮ ಮನೆ ಮುಂದೆಯೇ ಹೋಗುತ್ತದೆ. ಗೇಟು ಚೂರು ತೆರೆದಿದ್ದರೆ ಸಾಕು, ನೋಡ್ತಾ ನೋಡ್ತಾ ಆಡಿನ ಹಿಂದೆ. ಎಷ್ಟು ಕೂಗಿದರೂ ಕಿವಿಗೇ ಬೀಳಲ್ಲ.

ಮಾವನವರು ಹಳ್ಳಿಯಲ್ಲಿ ನಾಯಿ ಸಾಕಿದವರು. "ಎರಡು ಬಾರಿಸಿದರೆ ತಾನೇ ಬುದ್ಧಿ ಬರುತ್ತೆ" ಅಂತಾರೆ. ಉಚ್ಚೆ ಹೊಯ್ದ ಕಡೆ ಮೂತಿ ತಿಕ್ಕಿದ್ದೂ ಆಯಿತು. ಆಮೇಲಿಂದ ಅವರನ್ನು ಕಂಡರೆ ಸೋಫಾ ಹಿಂದೆ ಹೋಗಿ ಅಲ್ಲೇ ಹೊಯ್ಯುತ್ತಾಳೆ. ಯಜಮಾನರು ಯೂಟ್ಯೂಬ್ ನೋಡಿ ದಿನಕ್ಕೊಂದು ಹೇಳುತ್ತಾರೆ. ಟ್ರೇನರ್ ಇಟ್ಟುಕೊಳ್ಳುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಮನೆಯಲ್ಲೇ ಕಲಿಸೋಕೆ ಆಗುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಮುಧೋಳ ಮಣ್ಣು

ಅಕ್ಕಾ, ಆಗುತ್ತೆ. ಆದರೆ ನೀವು ತಂದಿರೋದು ಎಂಥ ನಾಯಿ ಅನ್ನೋದು ಮೊದಲು ತಿಳಿದುಕೊಳ್ಳಿ.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಈ ನಾಯಿಗಳಿವೆ. ಇದು ಮೂಸಿ ಬೇಟೆ ಆಡುವುದಲ್ಲ, ಕಣ್ಣಿಂದ ನೋಡಿ ಬೇಟೆ ಆಡುವುದು. ಬಯಲಲ್ಲಿ ಮೊಲ ಎದ್ದರೆ ಯಾರೂ ಏನೂ ಹೇಳಬೇಕಿರಲಿಲ್ಲ. ನಾಯಿ ತಾನೇ ನೋಡಿ, ತಾನೇ ಓಡಿ, ತಾನೇ ಹಿಡಿಯಬೇಕು. ಯಜಮಾನ ಎಲ್ಲೋ ಹಿಂದೆ ಏದುಸಿರು ಬಿಡುತ್ತಾ ಬರುತ್ತಿರುತ್ತಾನೆ. ಆ ಹೊತ್ತಲ್ಲಿ ತಿರುಗಿ ಅವನ ಮುಖ ನೋಡುವ ನಾಯಿಗೆ ಮೊಲ ಸಿಗಲ್ಲ. ಹೀಗಾಗಿ ತಿರುಗಿ ನೋಡದ ನಾಯಿಯನ್ನೇ ಆರಿಸಿ ಆರಿಸಿ ಮರಿ ಹಾಕಿಸುತ್ತಾ ಬಂದರು. ಈಗ ನೀವು ನವನಗರದ ಗೇಟಲ್ಲಿ ನಿಂತು "ಬಾ" ಅಂದರೆ ಹೇಗೆ ಬರುತ್ತೆ? ಲ್ಯಾಬ್ರಡಾರ್ ಬೇರೆ. ಗುಂಡೇಟಿಗೆ ಬಿದ್ದ ಹಕ್ಕಿಯನ್ನು ತಂದು ಮನುಷ್ಯನ ಕೈಗೆ ಕೊಡೋದೇ ಅದರ ಕೆಲಸವಾಗಿತ್ತು. ಮುಖ ನೋಡೋದು ಅದಕ್ಕೆ ಹುಟ್ಟಿನಿಂದ ಬಂದಿದೆ.

ಮೊಲದ ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಇದೆ. ಆದರೆ ಕಾಯ್ದೆ ನಾಯಿಗೆ ಗೊತ್ತಿಲ್ಲವಲ್ಲ. ಮೊಲ ಇಲ್ಲದಿದ್ದರೆ ಆಡು, ಆಡು ಇಲ್ಲದಿದ್ದರೆ ಬೈಕು.

ನಮ್ಮ ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆಯವರು ಇದನ್ನು ಬೆಳೆಸಿ ಹೆಸರು ತಂದರು. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಮರಿಗಳು ಮೀರತ್‌ಗೆ ಸೈನ್ಯದ ತರಬೇತಿಗೆ ಹೋದವು. ಹೆಮ್ಮೆ ಪಡಬೇಕಾದ್ದೇ. ಆದರೆ ಆ ಸುದ್ದಿ ಟಿವಿಯಲ್ಲಿ ನೋಡಿ, ತಂದ ಮಾರನೇ ದಿನವೇ ಸೆಲ್ಯೂಟ್ ಹೊಡೆಯುತ್ತೆ ಅಂದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ವರ್ಷ ತುಂಬುವುದರೊಳಗೆ ವಾಪಸ್ ತಂದು ಬಿಟ್ಟು ಹೋಗುತ್ತಾರೆ.

ಗೇಟಿನ ಕೆಳಗಿನ ಸಂದಿ ಇವತ್ತೇ ಮುಚ್ಚಿಸಿ. ಒಳಗಿಂದ ಚಿಲಕ ಹಾಕಿಸಿ. ಬಾಗಿಲು ತೆರೆಯುವ ಮೊದಲು ಹಗ್ಗ ಕಟ್ಟಿ. ತರಬೇತಿ ಆಮೇಲಿನ ಮಾತು. ಮತ್ತೆ ಹೊಡೆಯಬೇಡಿ. ಈ ತಳಿಗೆ ಮನಸ್ಸು ಬಲು ಸೂಕ್ಷ್ಮ. ಒಮ್ಮೆ ಮುನಿಸಿಕೊಂಡರೆ ಕೈಗೆ ಬರಲ್ಲ.

ಇಳಕಲ್ ಹುಡುಗ

ಇದೆಲ್ಲ ಪೇಟೆ ಮಂದಿ ಮಾತು. ನಾವು ಸಣ್ಣವರಿದ್ದಾಗಿಂದ ಮನೆಯಲ್ಲಿ ನಾಯಿ ಇವೆ. ತಪ್ಪು ಮಾಡಿದರೆ ಒಂದು ಬಿಡ್ತೀವಿ, ಮೂಲೆಗೆ ಹೋಗಿ ಕೂಡುತ್ತೆ. ತಪ್ಪು ಅಂತ ಅದಕ್ಕೇ ಗೊತ್ತಿರುತ್ತೆ, ಮುಖ ನೋಡಿದರೇ ತಿಳಿಯುತ್ತೆ. ಮನೆಯಲ್ಲಿ ಯಜಮಾನ ಯಾರು ಅಂತ ನಾಯಿಗೆ ತೋರಿಸಬೇಕು. ಇಲ್ಲದಿದ್ದರೆ ಅದೇ ಯಜಮಾನ ಆಗುತ್ತೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮಾವನವರು ಹೇಳಿದ್ದು ಸರಿ ಇದೆ ಅಕ್ಕಾರ.

ಕ್ಯಾಂಪ್ ಕಾಕಾ, ಬೆಳಗಾವಿ

ತಮ್ಮಾ, ನಾನು ಫೌಜಿನಲ್ಲಿದ್ದವನು. ನಾಯಿಗಳ ಯೂನಿಟ್ ನನ್ನದಲ್ಲ, ಆದರೆ ಪೋಸ್ಟಿಂಗ್‌ನಲ್ಲಿ ಅವರ ಕೆಲಸ ಹತ್ತಿರದಿಂದ ನೋಡಿದ್ದೇನೆ. ಸ್ಫೋಟಕ ಮೂಸಿ ಹುಡುಕುವ ನಾಯಿಗೆ ಸಂಬಳ ಏನು ಗೊತ್ತಾ? ಒಂದು ಚೆಂಡು. ಸರಿಯಾದ ಜಾಗದಲ್ಲಿ ಕೂತ ತಕ್ಷಣ ಹ್ಯಾಂಡ್ಲರ್ ಚೆಂಡು ಎಸೆಯುತ್ತಾನೆ, ಇಬ್ಬರೂ ಎಳೆದಾಡಿ ಆಡುತ್ತಾರೆ. ಆ ಚೆಂಡಿಗಾಗಿ ನಾಯಿ ಬಿಸಿಲಲ್ಲಿ ಮೈಲಿಗಟ್ಟಲೆ ಮೂಸುತ್ತೆ. ಹೊಡೆತಕ್ಕೆ ಹೆದರಿದ ನಾಯಿ ಹಾಗೆ ಹುಡುಕಲ್ಲ. ಕೆಲಸ ತಪ್ಪಿಸಿಕೊಳ್ಳೋದು ಹೇಗೆ ಅಂತ ಹುಡುಕುತ್ತೆ.

"ಮುಖ ನೋಡಿದರೇ ತಿಳಿಯುತ್ತೆ" ಅಂದೆಯಲ್ಲ. ಅದನ್ನೇ ಒಬ್ಬರು ಪರೀಕ್ಷೆ ಮಾಡಿ ನೋಡಿದ್ದಾರೆ, ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್, 2009ರಲ್ಲಿ. ತಿನಿಸು ಇಟ್ಟು "ಮುಟ್ಟಬೇಡ" ಅಂತ ಹೇಳಿ ಮಾಲೀಕರನ್ನು ಹೊರಗೆ ಕಳಿಸಿದರು. ಕೆಲವು ಸಲ ನಾಯಿ ತಿನ್ನದಿದ್ದರೂ ತಿಂದಿದೆ ಅಂತ ಅವರಿಗೆ ಹೇಳಿದರು. ಮಾಲೀಕರು ಬೈದಾಗ ತಿಂದ ನಾಯಿಯೂ ತಲೆ ತಗ್ಗಿಸಿತು, ತಿನ್ನದ ನಾಯಿಯೂ ತಗ್ಗಿಸಿತು. ತಿನ್ನದೇ ಬೈಸಿಕೊಂಡ ನಾಯಿಯ ಮುಖವೇ ಇನ್ನೂ ಜಾಸ್ತಿ ಬಾಡಿತ್ತು. ಅಂದರೆ ಅದು ತಪ್ಪಿತಸ್ಥನ ಮುಖ ಅಲ್ಲ. ನಿನ್ನ ದನಿಗೆ ಹೆದರಿದ ಮುಖ.

ಯಜಮಾನಿಕೆ ಮಾತೂ ಅಷ್ಟೇ. ಅದು ತೋಳದ ಹಿಂಡಿನ ಮೇಲೆ ನಡೆದ ಹಳೇ ಅಧ್ಯಯನದಿಂದ ಬಂದದ್ದು. ಬೇರೆ ಬೇರೆ ಕಡೆಯ ತೋಳಗಳನ್ನು ಒಂದೇ ಬೇಲಿಯೊಳಗೆ ಕೂಡಿ ಹಾಕಿ ನೋಡಿದ್ದರು. ಜಗಳ ಆಗದೇ ಇರುತ್ತಾ? ಡೇವಿಡ್ ಮೆಕ್ ಅನ್ನುವ ತೋಳದ ತಜ್ಞರು ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ಹಿಂಡು ಅಂದರೆ ತಂದೆ, ತಾಯಿ, ಮಕ್ಕಳು ಅಷ್ಟೇ ಅಂತ 1999ರಲ್ಲಿ ಬರೆದರು. ಅದಿರಲಿ, ನಮ್ಮ ನಾಯಿ ತೋಳವೂ ಅಲ್ಲ.

ತಂಗೀ, ನಿನಗೆ ಒಂದೇ ಮಾತು. ನಾಯಿ ಈ ಕ್ಷಣ ಮಾಡುತ್ತಿರುವುದಕ್ಕೂ ಈ ಕ್ಷಣ ಸಿಕ್ಕಿದ್ದಕ್ಕೂ ಗಂಟು ಹಾಕಿಕೊಳ್ಳುತ್ತೆ. ಒಂದೆರಡು ಸೆಕೆಂಡ್ ದಾಟಿದರೆ ಗಂಟು ತಪ್ಪುತ್ತೆ. ಅರ್ಧ ಗಂಟೆ ಹಿಂದಿನ ಉಚ್ಚೆಗೆ ಈಗ ಮೂತಿ ತಿಕ್ಕಿದರೆ ಅದು ಕಲಿಯೋದು ಇಷ್ಟೇ: ಈ ಮುದುಕಪ್ಪ ಬಂದರೆ ಗಂಡಾಂತರ.

ಗುಮ್ಮಟದೂರ ವೆಟ್

ವಿಜಯಪುರದಲ್ಲಿ ಪಶುವೈದ್ಯ. ಉಚ್ಚೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ.

ಮಾವನವರನ್ನು ಕಂಡಾಗ ಆಗೋದು ಹೆದರಿಕೆಯ ಉಚ್ಚೆ. ಅದು ಅವಳ ಕೈಯಲ್ಲಿಲ್ಲ. ಬೈದಷ್ಟೂ ಜಾಸ್ತಿ ಆಗುತ್ತೆ. ಅವರು ಕೆಲವು ದಿನ ಅವಳ ಕಡೆ ಬಗ್ಗೋದು, ದಿಟ್ಟಿಸಿ ನೋಡೋದು ಬೇಡ. ಪಕ್ಕಕ್ಕೆ ತಿರುಗಿ ಕೂತು, ಕೈ ಕೆಳಗೆ ಬಿಟ್ಟು ಏನಾದರೂ ತಿನಿಸು ಹಿಡಿದರೆ ಸಾಕು. ಬರೋದು ಬಿಡೋದು ಅವಳಿಷ್ಟ.

ಪಡಸಾಲೆಯದು ಬರೀ ಅಭ್ಯಾಸದ ಮಾತು. ಮರಿ ತಿಂಗಳಿಗೆ ಒಂದು ಗಂಟೆಯಂತೆ ತಡೆದುಕೊಳ್ಳುತ್ತೆ ಅಂತ ಅಂದಾಜು ಇಟ್ಟುಕೊಳ್ಳಿ. ನಾಲ್ಕು ತಿಂಗಳ ಮರಿ ನಾಲ್ಕು ಗಂಟೆ ತಡೆದರೆ ದೊಡ್ಡದು. ಎಚ್ಚರ ಆದ ಕೂಡಲೇ, ಉಂಡ ಕೂಡಲೇ, ಜೋರಾಗಿ ಆಡಿದ ಕೂಡಲೇ ಹೊರಗೆ ಒಯ್ಯಿರಿ. ದಿನವೂ ಅದೇ ಮೂಲೆಗೆ. ಮೂಸುತ್ತಾ ನಿಂತರೆ ನೀವೂ ನಿಲ್ಲಿ, ಮೊಬೈಲ್ ನೋಡಬೇಡಿ. ಹೊಯ್ದು ಮುಗಿಸಿದ ಕ್ಷಣ ಅಲ್ಲೇ ತಿನಿಸು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟ ಹಾಗಾಯಿತು. ಇನ್ನೊಂದು, ಹೊಯ್ದ ತಕ್ಷಣ ಒಳಗೆ ಎಳೆದುಕೊಂಡು ಬರಬೇಡಿ. ಹೊರಗಿನ ಮಜಾ ಮುಗಿಯುತ್ತೆ ಅಂತ ತಡೆದುಕೊಳ್ಳೋದನ್ನು ಕಲಿತುಬಿಡುತ್ತೆ. ನಿಮ್ಮ ಚಂದ್ರಿ ಮಾಡುತ್ತಿರೋದೂ ಇದೇ ಇರಬಹುದು.

ಒಳಗೆ ಆದ ಜಾಗವನ್ನು ಬರೀ ಫಿನೈಲ್‌ನಲ್ಲಿ ಒರೆಸಿದರೆ ಸಾಲದು. ನಮ್ಮ ಮೂಗಿಗೆ ವಾಸನೆ ಹೋಯಿತು ಅನ್ನಿಸುತ್ತೆ, ಅದರ ಮೂಗಿಗೆ ಹೋಗಿರಲ್ಲ. ಸೋಪಿನ ನೀರಲ್ಲಿ ತೊಳೆದು, ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿ. ಪದೇ ಪದೇ ತೊಟ್ಟು ತೊಟ್ಟು ಹೊಯ್ಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು ಇರುವ ಮರಿಗೆ ಯಾವ ತರಬೇತಿಯೂ ನಡೆಯಲ್ಲ.

ಕಚ್ಚೋದು ಸದ್ಯಕ್ಕೆ ಹಲ್ಲಿನ ಕಾಟ. ನಾಲ್ಕರಿಂದ ಆರು ತಿಂಗಳೊಳಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ, ವಸಡು ಕಡಿಯುತ್ತೆ. ಹಳೇ ಟವೆಲ್ ಒದ್ದೆ ಮಾಡಿ ಗಂಟು ಹಾಕಿ ಫ್ರಿಜ್‌ನಲ್ಲಿಟ್ಟು ಕೊಡಿ. ಕೈ ಕಚ್ಚಿದರೆ ಚೀರಬೇಡಿ, ಕೈ ಝಾಡಿಸಬೇಡಿ. ಸುಮ್ಮನೆ ಎದ್ದು ಆಚೆ ಹೋಗಿ. ಆಟ ನಿಂತಿತು ಅನ್ನೋದೇ ಶಿಕ್ಷೆ.

ಮೂರು ತಿಂಗಳಿಗೆ ರೇಬೀಸ್ ಲಸಿಕೆ ಆಗಿದೆಯಾ ಹೇಳಿ. ಆಮೇಲೆ ವರ್ಷ ವರ್ಷ ತಪ್ಪಿಸಬೇಡಿ. ಮರಿಗಳಿಗೆ ವಾಂತಿ ಭೇದಿ ತರುವ ಪಾರ್ವೋ ರೋಗದ ಲಸಿಕೆಯ ಕೊನೆಯ ಡೋಸು ಮರಿಗೆ ಹದಿನಾರು ವಾರ ತುಂಬುವ ಹೊತ್ತಿಗೆ ಬರುತ್ತೆ. ಅದೂ ನೋಡಿಕೊಳ್ಳಿ. ಸಾಕಿದ ಮರಿಯೇ ಇರಲಿ, ಹಲ್ಲು ನಾಟಿ ರಕ್ತ ಬಂದರೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಿಕೊಂಡು ಬರುವವರು ಈಗಲೂ ಇದ್ದಾರೆ.

ಟಿಳಕವಾಡಿ ಲ್ಯಾಬ್ ಅಮ್ಮ

ನಮ್ಮ ಮನೆಯಲ್ಲಿರೋದು ಲ್ಯಾಬ್ರಡಾರ್. ನಾಯಿಗಿಂತ ಮೊದಲು ಮನೆ ಮಂದಿಗೆ ತರಬೇತಿ ಬೇಕಾಯಿತು. ಅತ್ತೆ ಮರಾಠಿಯಲ್ಲಿ "ಬಸ್" ಅನ್ನೋರು, ಮಕ್ಕಳು "ಸಿಟ್", ಯಜಮಾನರು "ಬೈಠ್", ನಾನು "ಕೂಡು". ಪಾಪ, ಅದು ಎಲ್ಲರ ಮುಖ ನೋಡಿ ಬಾಲ ಅಲ್ಲಾಡಿಸುತ್ತಿತ್ತು. ಕೊನೆಗೆ ಒಂದು ಹಾಳೆಯಲ್ಲಿ ನಾಲ್ಕೇ ಮಾತು ಬರೆದು ಫ್ರಿಜ್‌ಗೆ ಅಂಟಿಸಿದೆ. ಕೂಡು, ಬಾ, ಬಿಡು, ಜಾಗಕ್ಕೆ. ಎಲ್ಲರೂ ಅದೇ ಹೇಳಬೇಕು, ಒಂದೇ ಸಲ ಹೇಳಬೇಕು. "ಕೂಡು ಕೂಡು ಕೂಡು ಕೂಡೋ" ಅಂತ ನಾಲ್ಕು ಸಲ ಅಂದರೆ ನಾಲ್ಕನೇ ಸಲಕ್ಕೇ ಕೂಡೋದು ಅಂತ ಕಲಿಯುತ್ತೆ.

ಸೋಫಾ ಮೇಲೆ ಬಿಡ್ತೀರಾ ಇಲ್ವಾ ಅನ್ನೋದನ್ನೂ ತೀರ್ಮಾನ ಮಾಡಿಕೊಳ್ಳಿ. ಮಗಳು ಹತ್ತಿಸಿಕೊಂಡು ಮುದ್ದಾಡಿ, ನೀವು ಇಳಿಸಿ ಬೈದರೆ ನಾಯಿಗೆ ಶಿಸ್ತು ಬರಲ್ಲ, ತಲೆ ಕೆಡುತ್ತೆ.

ನವನಗರದ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಲಸಿಕೆ ಎಲ್ಲ ಆಗಿದೆ ಡಾಕ್ಟ್ರೇ. ಗೇಟಿಗೆ ತಗಡು ಹೊಡೆಸಿದೆವು. ಫ್ರಿಜ್ ಹಾಳೆ ನಮ್ಮಲ್ಲೂ ಬಂತು, ಮಗಳು ಬಣ್ಣದ ಪೆನ್ನಲ್ಲಿ ಬರೆದಿದ್ದಾಳೆ. "ಕೂಡು" ಕಲಿಸೋದು ಹೇಗೆ ಅಂತ ಯಾರಾದರೂ ಬಿಡಿಸಿ ಹೇಳ್ತೀರಾ? ಬೆನ್ನು ಒತ್ತಿ ಕೂರಿಸಿದರೆ ನುಣುಚಿಕೊಂಡು ಹೋಗುತ್ತಾಳೆ. ಕರೆದಾಗ ಬರೋದನ್ನೂ ಹೇಳಿ.

ಮುಧೋಳ ಮಣ್ಣು

ಬೆನ್ನು ಒತ್ತಬೇಡಿ. ಈ ನಾಯಿಗಳ ಹಿಂಗಾಲಿನ ಸ್ನಾಯು ಬಿಗಿ, ಮೈ ಮೇಲೆ ಮಾಂಸ ಕಮ್ಮಿ. ಬರೀ ಗಚ್ಚಿನ ನೆಲದ ಮೇಲೆ ಕೂಡೋದು ಇವಕ್ಕೆ ಸುಖ ಅಲ್ಲ. ಒಂದು ಗೋಣಿಚೀಲ ಮಡಚಿ ಹಾಸಿ.

ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿಯನ್ನು ಶೇಂಗಾಕಾಳಿನಷ್ಟು ಸಣ್ಣ ಚೂರು ಮಾಡಿ. ಮಾಂಸ ಮಾಡದ ಮನೆಯಾದರೆ ಪನೀರ್ ಆದೀತು. ಒಂದು ಚೂರನ್ನು ಮೂರು ಬೆರಳಲ್ಲಿ ಹಿಡಿದು ಅವಳ ಮೂಗಿಗೆ ತಾಗಿಸಿ. ಈಗ ಕೈಯನ್ನು ನಿಧಾನ ಮೂಗಿನಿಂದ ಹಣೆಯ ಮೇಲೆ, ಕಿವಿಗಳ ನಡುವೆ ಹಿಂದಕ್ಕೆ ಒಯ್ಯಿರಿ. ಜಾಸ್ತಿ ಎತ್ತರ ಎತ್ತಿದರೆ ಜಿಗಿಯುತ್ತಾಳೆ. ಬೆರಳಗಲದಷ್ಟೇ ಅಂತರ ಇರಲಿ. ಮೂತಿ ಮೇಲೆ ಹೋದ ಹಾಗೆ ಹಿಂಭಾಗ ತಾನೇ ಕೆಳಗೆ ಬರುತ್ತೆ. ನೆಲ ಮುಟ್ಟಿದ ಕ್ಷಣ "ಭಲೆ" ಅನ್ನಿ, ಚೂರು ಬಾಯಿಗೆ. ಮೊದಲು ಬಾಯಿ ಮುಚ್ಚಿಕೊಂಡೇ ಮಾಡಿ. ಕೈ ನೋಡಿ ಪಟ್ಟನೆ ಕೂಡೋಕೆ ಶುರು ಮಾಡಿದ ಮೇಲೆ "ಕೂಡು" ಅನ್ನೋದನ್ನು ಸೇರಿಸಿ. ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು. ಅವಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಿ.

ಕರೆಯೋದಕ್ಕೆ ಉದ್ದ ಹಗ್ಗ ಬೇಕು, ಎತ್ತಿಗೆ ಕಟ್ಟುವ ಹತ್ತಿ ಹಗ್ಗ ಆಗುತ್ತೆ. ನೈಲಾನ್ ಬೇಡ, ಕೈ ಸುಲಿಯುತ್ತೆ. ಮೊದಲು ಪಡಸಾಲೆಯಲ್ಲಿ, ಆಮೇಲೆ ಹಿತ್ತಲಲ್ಲಿ, ಆಮೇಲೆ ಖಾಲಿ ಸೈಟಲ್ಲಿ. "ಚಂದ್ರಿ, ಬಾ" ಅಂತ ಒಂದೇ ಸಲ ಕರೆದು ನೀವು ಅವಳಿಂದ ಹಿಂದಕ್ಕೆ ಓಡಿ. ನೀವು ಅವಳ ಕಡೆ ಓಡಿದರೆ ಅವಳು ಮುಂದೆ ಓಡುತ್ತಾಳೆ, ನೀವು ದೂರ ಓಡಿದರೆ ಬೆನ್ನು ಹತ್ತುತ್ತಾಳೆ. ಬೆನ್ನು ಹತ್ತೋದೇ ಅವಳ ಜಾತಿ ಗುಣ ಅಲ್ವಾ? ಬಂದರೆ ಒಂದು ಚೂರಲ್ಲ, ಮೂರು ನಾಲ್ಕು ಒಂದೊಂದಾಗಿ ಕೊಡಿ. ಕೊಟ್ಟು ಮತ್ತೆ ಆಡೋಕೆ ಬಿಡಿ. ಬಂದ ಕೂಡಲೇ ಕಟ್ಟಿ ಹಾಕಿದರೆ ನಾಳೆ ಬರಲ್ಲ. ಎಷ್ಟೇ ತಡವಾಗಿ ಬರಲಿ, ಎಷ್ಟೇ ಸಿಟ್ಟು ಬರಲಿ, ಬಂದ ನಾಯಿಗೆ ಬೈಯಬಾರದು. ಸ್ನಾನ ಮಾಡಿಸೋಕೆ, ಉಣ್ಣಿ ಹುಳ ತೆಗೆಯೋಕೆ "ಬಾ" ಅಂತ ಕರೆಯಬೇಡಿ. ನೀವೇ ಹೋಗಿ ಹಿಡಿದು ತನ್ನಿ.

ಇಷ್ಟೆಲ್ಲ ಮಾಡಿದ ಮೇಲೂ ಹೇಳುತ್ತೇನೆ, ಬೇಲಿ ಇಲ್ಲದ ಕಡೆ ಹಗ್ಗ ಬಿಚ್ಚಬೇಡಿ. ಹಿತ್ತಲಲ್ಲಿ ನೂರಕ್ಕೆ ನೂರು ಬರುತ್ತಾಳೆ. ಕಣ್ಣ ಮುಂದೆ ಆಡು ಓಡಿದರೆ ಬರುತ್ತಾಳೆ ಅಂತ ನಾನು ಬರೆದುಕೊಡಲಾರೆ, ನನ್ನ ನಾಯಿಗಳ ಬಗ್ಗೆಯೂ ಬರೆದುಕೊಡಲಾರೆ. ಓಡೋಕೆ ಬಿಡಬೇಕು ಅಂದರೆ ಸುತ್ತ ಗೋಡೆ ಇರುವ ಜಾಗ ಹುಡುಕಿ, ಬೆಳಿಗ್ಗೆ ಹೊತ್ತು ಬಿಡಿ. ಓಡದ ಮುಧೋಳ ನಾಯಿಗೆ ಮನೆಯಲ್ಲಿ ಶಿಸ್ತು ಕಲಿಸೋದು ಸುಳ್ಳು ಮಾತು.

ಪುರುಸೊತ್ತು ಆದಾಗ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೂ ಹೋಗಿ ಬನ್ನಿ. ಮುಧೋಳದ ಹತ್ತಿರವೇ ಇದೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು. ಈ ತಳಿಯನ್ನೇ ನೋಡಿಕೊಳ್ಳುವ ಮಂದಿ ಅಲ್ಲಿದ್ದಾರೆ.

ಜಮಖಂಡಿ ಕಬ್ಬು

ಮೇಲಿನವರು ಹೇಳಿದ ಆಡಿನ ಮಾತನ್ನು ಹಗುರ ಮಾಡಬೇಡಿ. ನಮ್ಮ ಕಡೆ ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ, ರಾತ್ರಿ ಬಿಚ್ಚಿ ಬಿಡೋ ರೂಢಿ. ಹಗಲು ಕಟ್ಟಿದ ಸಿಟ್ಟೆಲ್ಲ ರಾತ್ರಿ ಕುರಿ ಹಟ್ಟಿ ಮೇಲೆ ತೀರುತ್ತೆ. ಕುರಿಗಾರರ ಹೊಟ್ಟೆ ಮೇಲೆ ಹೊಡೆತ, ಊರಲ್ಲಿ ಪಂಚಾಯಿತಿ, ದಂಡ. ಆಮೇಲೆ ನಾಯಿಗೆ ವಿಷ ಹಾಕೋ ತನಕ ಹೋಗುತ್ತೆ. ನಾಯಿಯನ್ನು ಬಹಳ ಹೊತ್ತು ಗಿಡ್ಡ ಸರಪಳಿಯಲ್ಲಿ ಕಟ್ಟಿ ಹಾಕೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರವೂ ತಪ್ಪು.

ಇಳಕಲ್ ಹುಡುಗ

ಸರಿ, ಹೊಡೆಯಬಾರದು, ಕಟ್ಟಬಾರದು. ಊಟ ಮಾಡುವಾಗ ಹತ್ತಿರ ಹೋದರೆ ನಮ್ಮ ನಾಯಿ ಗುರ್ ಅನ್ನುತ್ತೆ. ಅದಕ್ಕೂ ಕೋಳಿ ಚೂರು ಕೊಡಬೇಕಾ? ಹಾಗಾದರೆ ನಾನೂ ಗುರ್ ಅಂತೀನಿ, ನನಗೂ ಕೊಡಿ.

ಗುಮ್ಮಟದೂರ ವೆಟ್

ನಗು ಬಂತು. ಆದರೆ ಹೌದು, ಅದಕ್ಕೂ ಕೋಳಿ ಚೂರೇ.

ಗುರ್ ಅನ್ನೋದು ಬೈಗುಳ ಅಲ್ಲ, ಎಚ್ಚರಿಕೆ. "ನನಗೆ ಭಯ ಆಗ್ತಿದೆ, ತಟ್ಟೆ ಕಸಿದುಕೊಳ್ಳಬೇಡ" ಅಂತ ಹೇಳ್ತಿದೆ. ಹೊಡೆದರೆ ಗುರ್ ಅನ್ನೋದು ನಿಲ್ಲುತ್ತೆ, ಭಯ ನಿಲ್ಲಲ್ಲ. ಆಮೇಲೆ ಎಚ್ಚರಿಕೆ ಕೊಡದೆ ನೇರ ಕಚ್ಚುತ್ತೆ. "ಇದ್ದಕ್ಕಿದ್ದ ಹಾಗೆ ಕಚ್ಚಿತು ಸರ್" ಅಂತ ಬರುವ ಕೇಸುಗಳಲ್ಲಿ ಎಷ್ಟೋ ಹೀಗೇ ಆಗಿರುತ್ತವೆ.

ಊಟಕ್ಕೆ ಹಾಕಿ ದೂರ ನಿಲ್ಲಿ. ಅದು ಮೈ ಬಿಗಿ ಮಾಡದಷ್ಟು ದೂರ. ಅಲ್ಲಿಂದ ಒಂದು ಒಳ್ಳೇ ಚೂರು ತಟ್ಟೆಯ ಕಡೆ ಎಸೆದು ತಿರುಗಿ ಹೋಗಿ. ದಿನ ಕಳೆದ ಹಾಗೆ ಒಂದೊಂದು ಹೆಜ್ಜೆ ಹತ್ತಿರ. ನೀವು ಬಂದರೆ ತಟ್ಟೆಯಿಂದ ಹೋಗಲ್ಲ, ತಟ್ಟೆಗೆ ಬರುತ್ತೆ ಅಂತ ಅದಕ್ಕೆ ಗೊತ್ತಾಗಬೇಕು. ಅಲ್ಲಿಯವರೆಗೆ ಮಕ್ಕಳನ್ನು ಊಟದ ಹೊತ್ತಲ್ಲಿ ಹತ್ತಿರ ಬಿಡಬೇಡಿ. ಈಗಾಗಲೇ ಯಾರಿಗಾದರೂ ಹಲ್ಲು ನಾಟಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಲ್ಲೋ ನೋವಿರುವ ನಾಯಿಯೂ ಹೀಗೆ ಮಾಡುತ್ತೆ.

ಕ್ಯಾಂಪ್ ಕಾಕಾ, ಬೆಳಗಾವಿ

ಬಿಸಿಲಿನದೂ ನೆನಪಿರಲಿ. ನಮ್ಮ ಬೆಳಗಾವಿ ತಂಪು, ನಡೆಯುತ್ತೆ. ಬಾಗಲಕೋಟೆ, ವಿಜಯಪುರದ ಏಪ್ರಿಲ್ ಮೇ ಬೇರೆ. ಅಂಗೈ ಹಿಂಭಾಗ ಡಾಂಬರಿನ ಮೇಲಿಟ್ಟು ನೋಡಿ. ನಿಮ್ಮ ಕೈ ತಡೆಯದಿದ್ದರೆ ಅದರ ಪಾದವೂ ತಡೆಯಲ್ಲ.

ನವನಗರದ ಸೊಸೆ

ಕೂಡೋದು ಬಂತು! ಗೋಣಿಚೀಲ ಹಾಸಿದ್ದೇ ತಡ, ಬೇಗ ಕಲಿತಳು. ಈಗ ಚೀಲ ಕಂಡರೆ ಸಾಕು, ಹೇಳದೆಯೂ ಹೋಗಿ ಕೂತು ಮುಖ ನೋಡುತ್ತಾಳೆ. ಉಚ್ಚೆ ಪೂರ್ತಿ ನಿಂತಿಲ್ಲ, ರಾತ್ರಿ ಒಮ್ಮೊಮ್ಮೆ ಆಗುತ್ತೆ.

ಆದರೆ ಎರಡು ಹೊಸ ತಲೆನೋವು. ಒಂದು, ಮಾವನವರು ಹೊಡೆಯೋದು ಬಿಟ್ಟಿದ್ದಾರೆ, ಈಗ ಅತ್ತ ಕಡೆ ವಾಲಿದ್ದಾರೆ. ಊಟಕ್ಕೆ ಕೂತಾಗ ತಾಟಿನಿಂದ ರೊಟ್ಟಿ ಪಲ್ಯ ಹಾಕುತ್ತಾರೆ. ಇವಳು ಊಟದ ಹೊತ್ತಲ್ಲಿ ಎಲ್ಲರ ತೊಡೆ ಮೇಲೆ ಕಾಲಿಡುತ್ತಾಳೆ. ಎರಡನೆಯದು, ನಿನ್ನೆ ರಸ್ತೆಯಲ್ಲಿ ಹಿಂದಕ್ಕೆ ಜಗ್ಗಿ ಕೊರಳಿನ ಬೆಲ್ಟಿನಿಂದ ತಲೆ ಬಿಡಿಸಿಕೊಂಡಳು. ಪುಣ್ಯಕ್ಕೆ ಆಡು ಇರಲಿಲ್ಲ. ಬಿಗಿ ಮಾಡಿದರೆ ಕೆಮ್ಮುತ್ತಾಳೆ.

ಟಿಳಕವಾಡಿ ಲ್ಯಾಬ್ ಅಮ್ಮ

ಹಿರಿಯರಿಗೆ ಹಾಕಲೇಬೇಡಿ ಅಂದರೆ ಕದ್ದು ಹಾಕುತ್ತಾರೆ, ನನ್ನ ಅನುಭವ ಅದೇ. "ಜಾಗಕ್ಕೆ" ಅಂತ ಹೇಳಿ ಕಲಿಸುವ ಕೆಲಸವನ್ನು ಅವರಿಗೇ ವಹಿಸಿ. ಆ ಗೋಣಿಚೀಲವನ್ನು ಊಟದ ಜಾಗದಿಂದ ದೂರ ಹಾಸಿ. ರೊಟ್ಟಿ ಚೂರು ಚೀಲದ ಮೇಲಷ್ಟೇ ಬೀಳಬೇಕು, ತಾಟಿನ ಹತ್ತಿರ ಎಂದೂ ಬೀಳಬಾರದು. ಮಾವನವರಿಗೆ ಹಾಕಿದ ಸಮಾಧಾನ, ಚಂದ್ರಿಗೆ ಕೂಡೋ ಜಾಗ.

ಗುಮ್ಮಟದೂರ ವೆಟ್

ಪಲ್ಯ ಬೇಡ, ಬರೀ ರೊಟ್ಟಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಅಪಾಯ. ವಿಜಯಪುರದಲ್ಲಿ ಮನೆ ಮನೆಯಲ್ಲೂ ಮಣೂಕ ಇರುತ್ತೆ, ಅದಕ್ಕೇ ಹೇಳಿದೆ.

ಮುಧೋಳ ಮಣ್ಣು

ಬೆಲ್ಟಿನ ತೊಂದರೆ ಈ ತಳಿಯಲ್ಲಿ ಎಲ್ಲರಿಗೂ ಬರುತ್ತೆ. ಇವುಗಳ ತಲೆ ಕೊರಳಿಗಿಂತ ಸಣ್ಣದು, ಹೀಗಾಗಿ ಸಾದಾ ಬೆಲ್ಟ್ ಜಾರುತ್ತೆ. ಅಗಲ ಪಟ್ಟಿ ಬೇಕು. ಜಗ್ಗಿದಾಗ ಚೂರು ಬಿಗಿಯಾಗಿ, ಬಿಟ್ಟಾಗ ಸಡಿಲ ಆಗುವಂಥದ್ದು. ಮಾರ್ಟಿಂಗೇಲ್ ಕಾಲರ್ ಅಂತ ಕೇಳಿದರೆ ಆನ್‌ಲೈನ್‌ನಲ್ಲಿ ಸಿಗುತ್ತೆ.

ಇಳಕಲ್ ಹುಡುಗ

ಅಣ್ಣಾರ, ಆ ಪಟ್ಟಿ ನಮ್ಮ ಕಡೆ ಮಾಡಿಸೋಕೆ ಆಗುತ್ತಾ? ಎಷ್ಟು ಅಗಲ ಇರಬೇಕು?

ಮುಧೋಳ ಮಣ್ಣು

ಆಗುತ್ತೆ. ಚಪ್ಪಲಿ ಹೊಲಿಯುವವರಿಗೆ ಹೇಳಿ, ಮೆತ್ತನೆ ಚರ್ಮದಲ್ಲಿ ಹೊಲಿದು ಕೊಡುತ್ತಾರೆ. ದೊಡ್ಡ ನಾಯಿಗೆ ಎರಡು ಇಂಚು ಅಗಲ, ಮರಿಗೆ ಒಂದೂವರೆ ಸಾಕು. ಅಳತೆಯನ್ನು ಕೊರಳ ಬುಡದಲ್ಲಿ ತೆಗೆದುಕೊಳ್ಳಬೇಡ, ಕಿವಿಯ ಹಿಂದೆಯೇ ತೆಗೆದುಕೋ. ಪೂರ್ತಿ ಬಿಗಿಯಾದಾಗಲೂ ಎರಡು ಬೆರಳು ಒಳಗೆ ಹೋಗಬೇಕು.